ಒಂದೇ ಮನೆಗೆ ಎರಡು ವೋಟು

ಗೆದ್ದದ್ದು ನಾನು, ಸೋತದ್ದು ನನ್ನ ಗಂಡ ರೋಲಂಡ್. ಇಬ್ಬರೂ ಗೆಲ್ಲಬೇಕಿತ್ತು, ಇಲ್ಲವೇ ಅವನೊಬ್ಬನೇ ಗೆಲ್ಲಬೇಕಿತ್ತು. ನಾನೊಬ್ಬಳೇ ಗೆಲ್ಲುವ ಮಾತು ಯಾರ ತಲೆಯಲ್ಲೂ ಇರಲಿಲ್ಲ. ನನ್ನ ತಲೆಯಲ್ಲಂತೂ ದೇವರಾಣೆಗೂ ಇರಲಿಲ್ಲ.

ಕೌನ್ಸಿಲ್‌ನಲ್ಲಿ ನಮ್ಮ ವಾರ್ಡಿಗೆ ಎರಡು ಸ್ಥಾನ, ಹಾಗಾಗಿ ಎಲ್ಲರಿಗೂ ಎರಡೆರಡು ವೋಟು. ಒಂದು ಸ್ಥಾನ ಎಷ್ಟೋ ವರ್ಷದಿಂದ ರೋಲಂಡನದು. ಇನ್ನೊಂದಕ್ಕೆ ನಿಲ್ಲಲು ಈ ಸಲ ಪಕ್ಷಕ್ಕೆ ಒಂದು ನರಪಿಳ್ಳೆಯೂ ಸಿಗಲಿಲ್ಲ.

“ಹೆಸರಿಗೆ ನಿಂತುಬಿಡು ಹಿಲರಿ, ನೀನೇನೂ ಮಾಡೋದು ಬೇಡ,” ಎಂದ ರೋಲಂಡ್.

ಏನೂ ಮಾಡುವುದು ಬೇಡವೆಂದವನು ಏಪ್ರಿಲ್ ಪೂರ್ತಿ ನನ್ನನ್ನು ಮನೆಮನೆಗೆ ಸುತ್ತಿಸಿದ. ನಾಯಿ ಬೊಗಳಿದ ಮನೆಯಲ್ಲೂ ಅವನದು ಒಂದೇ ಪಾಠ: “ಎರಡೂ ವೋಟು ನಮ್ಮಿಬ್ಬರಿಗೇ. ನನಗೊಂದು, ಇವಳಿಗೊಂದು. ಮರೀಬೇಡಿ!”

ಎಣಿಕೆ ನಡೆದದ್ದು ಬ್ಯಾಡ್ಮಿಂಟನ್ ಆಡುವ ಹಾಲ್‌ನಲ್ಲಿ. ಅಧಿಕಾರಿ ಓದಿದಳು: ಹಿಲರಿ ಥ್ಯಾಕ್ರೆ ಗೆದ್ದಿದ್ದಾರೆ, ಎದುರು ಪಕ್ಷದ ಗಡ್ಡದವನು ಗೆದ್ದಿದ್ದಾನೆ. ರೋಲಂಡ್ ಆಗಲೇ ವೇದಿಕೆಯ ಕಡೆ ಒಂದು ಹೆಜ್ಜೆ ಇಟ್ಟಿದ್ದ. ಪಾಪ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ಅಲ್ಲೇ ನಿಂತ.

“ವೋಟಿನ ಚೀಟಿಯಲ್ಲಿ ಅಕ್ಷರಕ್ರಮ ಅಲ್ವೇನಮ್ಮ,” ಎಂದ ನಮ್ಮ ಪಕ್ಷದ ಏಜೆಂಟ್ ಕ್ಲೈವ್. “ನಿನ್ನ ಎಚ್ ಮೇಲೆ, ಅವನ ಆರ್ ಕೆಳಗೆ. ಮೊದಲು ಕಂಡಿದ್ದಕ್ಕೆ ಗುರುತು ಹಾಕಿ, ಒಂದೇ ಮನೆಗೆ ಎರಡೆರಡು ಯಾಕೆ ಅಂತ ಇನ್ನೊಂದನ್ನ ಆ ಗಡ್ಡಕ್ಕೆ ಕೊಟ್ಟಿದ್ದಾರೆ.”

ತೋಟದ ಕಸದ ಡಬ್ಬಿಗೆ ರೋಲಂಡ್ ಶುಲ್ಕ ಹಾಕಿಸಿದ ಸಿಟ್ಟು ಅದು, ಎಂದರು ಇನ್ನೊಬ್ಬರು. ಹೆಂಗಸರೆಲ್ಲ ಒಂದಾದರು, ಎಂದರು ಮತ್ತೊಬ್ಬರು. ನನಗೆ ಎಲ್ಲವೂ ನಿಜವೆನಿಸಿತು, ಯಾವುದೂ ಅಲ್ಲವೆಂದೂ ಅನಿಸಿತು. ಜನ ನಗುತ್ತ ನನ್ನ ಕೈ ಕುಲುಕಿ, ಮರುಗಳಿಗೆಗೆ ಸಾವಿನ ಮನೆಯ ಮುಖ ಮಾಡಿಕೊಂಡು ಅವನ ಕೈ ಕುಲುಕುತ್ತಿದ್ದರು. ನಾನು ಯಾವ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಕಾರಿನಲ್ಲಿ ರೋಲಂಡ್ ಹೇಳಿದ: “ಅಧಿಕಾರ ಒಪ್ಕೊಂಡೆ ಅಂತ ನೀನು ಸಹಿ ಹಾಕ್ಬೇಡ. ಹಾಕದಿದ್ರೆ ಸೀಟು ಖಾಲಿ ಆಗುತ್ತೆ, ಮತ್ತೆ ಚುನಾವಣೆ ಮಾಡ್ತಾರೆ. ನಾನು ನಿಲ್ತೀನಿ.”

“ಆಯ್ತು,” ಎಂದೆ. ಮನಸ್ಸಿನಲ್ಲೂ ಆಯ್ತು ಎಂದೇ ಇತ್ತು. ಆ ಸ್ಥಾನ ಹೋದರೆ ಅವನಿಗೆ ಬೆಳಗ್ಗೆ ಎದ್ದು ಟೈ ಕಟ್ಟಲು ಕಾರಣವೇ ಇರುವುದಿಲ್ಲ.

“ನನಗೆ ವೋಟು ಹಾಕ್ದೆ ತಾನೇ?”

“ಇಬ್ಬರಿಗೂ ಹಾಕ್ದೆ, ನೀನು ಹೇಳ್ದಂಗೆ. ನನ್ನ ಹೆಸರಿಗೆ ಹಾಕೋವಾಗ ನಾಚಿಕೆಯಾಯ್ತಪ್ಪ. ನೀನು?”

ಸಿಗ್ನಲ್ ಹಸಿರಾಯಿತು. ಕಾರು ಹೊರಡಲಿಲ್ಲ.

“ನೋಡು ಹಿಲರಿ, ಅದೆಲ್ಲ ಚುನಾವಣೆ ಲೆಕ್ಕಾಚಾರ. ಎರಡನೇ ವೋಟು ಯಾರಿಗೆ ಕೊಟ್ರೂ ಅದು ನಮಗೇ ತಿರುಗಿಬೀಳುತ್ತೆ...”

“ನಿನಗೊಬ್ಬನಿಗೇ ಹಾಕ್ಕೊಂಡ್ಯಾ?”

ಹಿಂದಿನ ಕಾರಿನವನು ಹಾರ್ನ್ ಬಾರಿಸಿದ. ರೋಲಂಡ್ ಗೇರು ಹಾಕಿದ. ನನಗೆ ಬೇಡದ ಸ್ಥಾನ, ನಾನು ಕೇಳದ ವೋಟು. ಅದು ಸಿಗಲಿಲ್ಲವೆಂದು ಮನಸ್ಸು ನೋಯುವುದೆಂದರೇನು? ಮನೆ ತಲುಪುವವರೆಗೂ ಯೋಚಿಸಿದೆ, ಬಗೆಹರಿಯಲಿಲ್ಲ.

ನಮ್ಮ ಗೇಟಿನ ಹತ್ತಿರ ಪಕ್ಕದ ಬೀದಿಯ ಮಿಸೆಸ್ ಆಗ್ಡನ್ ಮನೆಯ ಚಪ್ಪಲಿಯಲ್ಲೇ ಕಾಯುತ್ತಿದ್ದರು.

“ಬಂದ್ರಾ ಕೌನ್ಸಿಲರಮ್ಮ! ನಮ್ಮ ಮೋರಿ ಮತ್ತೆ ಕಟ್ಕೊಂಡಿದೆ, ಸ್ವಲ್ಪ ನೋಡ್ತೀರಾ?”

“ಇರಿ, ಬಂದೆ,” ಎಂದ ರೋಲಂಡ್, ಅಭ್ಯಾಸಬಲದಿಂದ.

ಆಕೆ ಅವನ ತೋಳು ಸವರಿದರು. “ನೀವು ಸುಸ್ತಾಗಿದ್ದೀರಿ. ಒಳಗೆ ಹೋಗಿ ಒಂದು ಲೋಟ ಟೀ ಕುಡೀರಿ ರೋಲಂಡ್.”

ಅವನ ಮುಖ ಕೆಂಪಾಯಿತು. “ಹಿಲರಿ, ಅವರಿಗೆ ಹೇಳು. ನೀನು ಸಹಿ ಹಾಕಲ್ಲ ಅಂತ ಹೇಳು.”

ಅದನ್ನೇ ಹೇಳಲು ಬಾಯಿ ತೆರೆದೆ.

“ಹಾಕ್ತೀನಿ,” ಎಂದಿತು ಬಾಯಿ.

ಮಿಸೆಸ್ ಆಗ್ಡನ್ ಆಗಲೇ ಮುಂದೆ ನಡೆದಿದ್ದರು. ನಾನು ಅವರ ಹಿಂದೆ ಹೋದೆ. ಬೀದಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದೆ. ರೋಲಂಡ್ ಇನ್ನೂ ಗೇಟಿನ ಹೊರಗೇ ನಿಂತಿದ್ದ. ಒಳಗೆ ಹೋಗು ಎಂದು ಕೈಸನ್ನೆ ಮಾಡಿದೆ. ಅವನು ಹೋದ.