ಕಾಡವ್ವನ ದನಿಗೆ ಕೂಡಿಸಿದ ಗಿಟಾರ್

೧
ಈ ಕತೆಯನ್ನು ಎಲ್ಲಿಂದ ಹಿಡಿಯಲಿ? ಮೊದಲ ಕರಡಿನಲ್ಲಿ ಗಿಟಾರೇ ಮಾತಾಡುತ್ತಿತ್ತು: ‘ನಾನು ಕಲ್ಕತ್ತಾದಲ್ಲಿ ಹುಟ್ಟಿದೆ...’ ಓದಿ ನನಗೇ ನಾಚಿಕೆಯಾಗಿ ಹರಿದು ಹಾಕಿದೆ. ಎರಡನೆಯದರಲ್ಲಿ ಹಳೆ ಕಟ್ಟಿಗೆಯ ವಾಸನೆಯೇ ಒಂದೂವರೆ ಪುಟ ಇತ್ತು. (ವಾಸನೆ ಮುಗಿದ ಮೇಲೆ ಕತೆ ಇರಲಿಲ್ಲ.) ಆದ್ದರಿಂದ ಸುಮ್ಮನೆ ಹೇಳಿಬಿಡುತ್ತೇನೆ: ಬೈಲಹೊಂಗಲದ ಬಡಗಿ ಮಲ್ಲಿಕಾರ್ಜುನ ಬಹಳ ವರ್ಷ ತಡಮಾಡಿ ತನ್ನ ಗಿಟಾರ್ ರಿಪೇರಿ ಮಾಡಿದ.

೨
ಅದರ ಬ್ರಿಡ್ಜ್, ಅಂದರೆ ತಂತಿಗಳನ್ನು ಹಿಡಿದಿಡುವ ಪಟ್ಟಿ, ಕಿತ್ತುಬಂದಿತ್ತು. ಆಗ ಅವನು ಬುದ್ಧ ವಿಹಾರದ ಹಾಡಿನ ಮೇಳದಲ್ಲಿ ಬಾರಿಸುತ್ತಿದ್ದ. ಹಾಡುತ್ತಿದ್ದವಳು ಅದೇ ಓಣಿಯ ಕಾಡವ್ವ. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಅವಳು ಬಾಯಿ ತೆರೆದರೂ ಜನರ ಕೈಯಲ್ಲಿನ ಚಹಾ ಆರುತ್ತಿತ್ತು.

“ತಮ್ಮಾ, ಗಿಟಾರ ಯಾವಾಗ ಆಗತೈತಿ?” ಎಂದು ಅವಳು ಅಂಗಡಿಗೆ ಬಂದು ಕೇಳುತ್ತಲೇ ಇದ್ದಳು.

“ಈ ಲಗ್ನದ ಕಪಾಟು ಮುಗೀಲಿ ಅಕ್ಕಾ.”

ಬೈಲಹೊಂಗಲದಲ್ಲಿ ಲಗ್ನಗಳು ಯಾವತ್ತು ಮುಗಿದಾವು? ಮೇಳ ಚದುರಿತು. ಕಾಡವ್ವ ಹಾಡುವುದನ್ನು ಬಿಟ್ಟಳು, ಗಿಟಾರ್ ಯಾವಾಗ ಎಂದು ಕೇಳುವುದನ್ನೂ ಬಿಟ್ಟಳು.

೩
(ಇಲ್ಲಿ ಮಲ್ಲಿಕಾರ್ಜುನ ತಕರಾರು ತೆಗೆದ. “ಸರ, ನನಗ ಕೆಲಸ ಭಾಳ ಇತ್ತು ಅಂತ ಬರೀರಿ.” ಬರೆದೆ. “ಈಗ ಓದ್ರಿ.” ಓದಿದೆ. “ಆ ಸಾಲ ಹೊಡದ ಹಾಕ್ರಿ,” ಅಂದ.)

೪
ಈ ವರ್ಷ ಒಂದು ದಿನ ಅಂಗಡಿಯ ಮುಂದೆ ಹಾದುಹೋದ ಮುದುಕಿ ಯಾರೆಂದು ನೋಡಿದರೆ, ಕಾಡವ್ವ. ಅಂದೇ ಅವನು ಅಟ್ಟದಿಂದ ಗಿಟಾರ್ ಕೆಳಗಿಳಿಸಿದ. ಉಬ್ಬಿದ ಮೇಲ್ಹಲಗೆಗೆ ಒಳಗಿನಿಂದ ಪಟ್ಟಿ ಕೊಟ್ಟ, ಹಳೆ ಅಂಟು ಹೆರೆದ, ಬ್ರಿಡ್ಜ್ ಅಂಟಿಸಿ ಬಿಗಿದಿಟ್ಟ. ಹೊಸ ತಂತಿ ಹಾಕಿ, ಅವಳನ್ನು ಕರೆತಂದು, ಅವಳ ಹಳೆಯ ಸುರಕ್ಕೇ, ಹಾರ್ಮೋನಿಯಂನ ಕರಿ ಐದಕ್ಕೆ, ಅಂದರೆ ಐದನೆಯ ಕರಿ ಮನೆಯ ಎತ್ತರದ ಸ್ವರಕ್ಕೆ, ತಂತಿಗಳ ಶ್ರುತಿ ಕೂಡಿಸಿದ.

ಮುಕ್ತಾಯ ಒಂದು: ಕಾಡವ್ವ ಕಣ್ಣು ಮುಚ್ಚಿ ಹಾಡೆತ್ತಿದಳು. ದನಿ ಓಣಿ ದಾಟಿತು. ಜನ ಸೇರಿದರು.

“ರೀ ಸರ,” ಕಾಡವ್ವ ನನ್ನನ್ನು ತಡೆದಳು, “ಸುಳ್ಳ ಬರೀಬ್ಯಾಡ್ರಿ. ಅಷ್ಟ ಮ್ಯಾಲಕ ನನ್ನ ದನಿ ಈಗ ಏರೂದಿಲ್ಲ.”

ಮುಕ್ತಾಯ ಎರಡು (ನಡೆದದ್ದು ಇದೇ): ದನಿ ನಡುವೆಯೇ ಒಡೆಯಿತು. ಮಲ್ಲಿಕಾರ್ಜುನ ತಂತಿ ಇಳಿಸಿದ. “ಇನ್ನ ಸ್ವಲ್ಪ ಇಳಸು ತಮ್ಮಾ.” ಇಳಿಸಿದ. (ಗಿಟಾರ್ ಬಲ್ಲ ಓದುಗರು ಬೈಯಬೇಡಿ. ಅವನು ಕಲಿತದ್ದು ಮೂರೇ ಕಾರ್ಡ್, ಬೆರಳುಗಳಿಂದ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಮೂರೇ ಪಟ್ಟು. ಹಾಡುವವರಿಗೆ ತಕ್ಕಂತೆ ತಂತಿಯನ್ನೇ ಏರಿಸಿ ಇಳಿಸಬೇಕು.) ಅವಳ ದನಿಗೆ ನೆಲೆ ಸಿಗುವ ಹೊತ್ತಿಗೆ ತಂತಿಗಳು ಸಡಿಲಾಗಿ, ನಾದ ಹೋಗಿ, ಬರೀ ಗರ್ ಅನ್ನುತ್ತಿದ್ದವು.

“ಗಿಟಾರ ಚಲೋ ಆಗೈತಿ,” ಅಂದಳು ಕಾಡವ್ವ. “ನಾ ಕೇಳಿದಾಗ ಮಾಡಿದ್ದರ...” ಮಾತನ್ನು ಅಲ್ಲಿಗೇ ಬಿಟ್ಟಳು. ಅವನಿಗೆ ತಲೆ ಎತ್ತಿ ಅವಳನ್ನು ನೋಡಲಾಗಲಿಲ್ಲ.

೫
“ಇರಲಿ. ತಂತಿ ಬಿಗಿ ಮಾಡು. ನೀನ ಬಾರಸು, ನಾ ಕೇಳತೇನಿ,” ಅಂದಳು ಕಾಡವ್ವ.

ಬಿಗಿ ಮಾಡಿದ. ಒಂದು ಕಾರ್ಡ್ ಹಿಡಿದು ಮೀಟಿದ. ನಾದ ತುಂಬಿ ಬಂತು. ಆದರೆ ಬೆರಳು ಯಾವಾಗ ಬದಲಿಸಬೇಕು? ಅದನ್ನು ಯಾವಾಗಲೂ ಅವಳ ಹಾಡೇ ಹೇಳುತ್ತಿತ್ತು. ಒಬ್ಬನೇ ಬಾರಿಸುವುದು ತನಗೆ ಬರುವುದಿಲ್ಲ ಎಂದು ಅವನಿಗೆ ಈಗ ಗೊತ್ತಾಯಿತು.

ಅದೇ ಕಾರ್ಡನ್ನು ಮತ್ತೆ ಮೀಟಿದ. ಕಾಡವ್ವ ಕಾಯುತ್ತಿದ್ದಾಳೆ. ಅವನು ಅವಳ ತುಟಿಯನ್ನೇ ನೋಡುತ್ತಿದ್ದಾನೆ.

“ಸರ, ಮುಂದ ಏನರೆ ಬರೀರಿ,” ಅನ್ನುತ್ತಾನೆ ನನಗೆ.

ಏನು ಬರೆಯಲಿ? ಅವಳು ಹಾಡಿದಳು ಎಂದರೆ ಸುಳ್ಳು, ಎದ್ದು ಹೋದಳು ಎಂದರೂ ಸುಳ್ಳು. ಪೆನ್ನು ಕೆಳಗಿಟ್ಟಿದ್ದೇನೆ. ಅವನು ಇನ್ನೂ ಅದನ್ನೇ ಮೀಟುತ್ತಿದ್ದಾನೆ.