ಇಬ್ಬರಿಗೆ ಒಂದೇ ಜನನಪತ್ರ

ಏಪ್ರಿಲ್ ಬಂತೆಂದರೆ ನಾರಿನ್ ಊರಿನ ಬೀದಿಗಳಲ್ಲಿ ಹಿಮ ಕರಗಿ ಬರೀ ಕೆಸರು. ಆ ಕೆಸರನ್ನು ತುಳಿದುಕೊಂಡೇ ನನ್ನ ಓರಗಿತ್ತಿ ಜೂರಾಕಾನ್ ಘಟ್ಟದಾಚೆಯ ಹಳ್ಳಿಯಿಂದ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಮಗಳು ಸೋನುನ್ ಆ ವರ್ಷ ಶಾಲೆ ಮುಗಿಸುವವಳಿದ್ದಳು. ರಾಜಧಾನಿ ಬಿಶ್ಕೇಕಿಗೆ ಹೋಗಿ ಪಶುವೈದ್ಯಕೀಯ ಓದಬೇಕೆಂದು ಅವಳ ಹಟ. ವಿಶ್ವವಿದ್ಯಾಲಯದ ಅರ್ಜಿಗೆ ಬೇಕಾದ ಆರೋಗ್ಯ ಪತ್ರ, ಫೋಟೋ, ಮೊಹರು ಬಿದ್ದ ನಕಲುಗಳು ಎಲ್ಲ ನಮ್ಮ ಊರಿನಲ್ಲೇ ಆಗಬೇಕಿತ್ತು. ಅವಳ ಗಂಡ, ನನ್ನ ಭಾವ ಎರ್ಮೆಕ್ ಬರಲಿಲ್ಲ. ಕುರಿಗಳು ಈಯುವ ಕಾಲ.

ಸೋನುನ್ ಎಂಬುದು ಮನೆಯಲ್ಲಿ ಮಾತ್ರ. ಕಾಗದದ ಮೇಲೆ ಅವಳು ಬರ್ಮೆತ್. ಇದು ನಮ್ಮ ಮನೆತನದಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಆಡದ ಸಂಗತಿ. ಬರ್ಮೆತ್ ಜೂರಾಕಾನಳ ಮೊದಲ ಮಗಳು. ಅವಳಿಗೆ ಎರಡು ತುಂಬುವ ಮೊದಲೇ, ನಡುಚಳಿಗಾಲದಲ್ಲಿ, ಜೂರಾಕಾನ್ ಎರಡನೆಯ ಹೆರಿಗೆಗೆಂದು ಘಟ್ಟ ದಾಟಿ ಆಸ್ಪತ್ರೆಗೆ ಬಂದಳು. ಹಿಂದೆಯೇ ಹಿಮ ಬಿದ್ದು ದಾರಿ ಮುಚ್ಚಿತು. ಕೂಸನ್ನೆತ್ತಿಕೊಂಡು ಅವಳು ಊರು ಮುಟ್ಟುವಷ್ಟರಲ್ಲಿ ದೊಡ್ಡ ಮಗು ದಡಾರದಿಂದ ತೀರಿಕೊಂಡು ಮಣ್ಣಾಗಿತ್ತು. ಆ ಮಣ್ಣಿನ ಮೇಲೂ ಹಿಮ ಕೂತಿತ್ತು.

ಆಗ ನಮ್ಮ ಅತ್ತೆ ಅಂದಿದ್ದರಂತೆ: "ಹೊಸ ಕಾಗದಕ್ಕೆ ಅಂತ ಯಾರು ಘಟ್ಟ ಇಳಿಯೋದು? ದೊಡ್ಡವಳ ಜನನಪತ್ರವೇ ಇವಳಿಗಾಗ್ಲಿ. ಸಾವನ್ನ ಬರೆಸಬೇಡಿ. ಬರೆಸಿದ್ರೆ ಅದು ಮನೆ ದಾರಿ ಕಲಿಯುತ್ತೆ."

ಹಾಗೆ ಸೋನುನ್ ಅಕ್ಕನ ವಯಸ್ಸಿಗೆ ಶಾಲೆಗೆ ಹೋದಳು. ತರಗತಿಗೆಲ್ಲ ಅವಳೇ ಕುಳ್ಳಿ.

ಮೊದಲು ಆರೋಗ್ಯ ಪತ್ರ. ಚಿಕಿತ್ಸಾಲಯದಲ್ಲಿ ಕಣ್ಣಿನವರು, ಕಿವಿಯವರು, ಹಲ್ಲಿನವರು ಎಂದು ಬಾಗಿಲಿಂದ ಬಾಗಿಲಿಗೆ ತಿರುಗಿದೆವು.

"ನೋಡು ಚಿಕ್ಕಮ್ಮ, ಕುರಿ ಡಾಕ್ಟರಾಗ್ತೀನಿ ಅಂದಿದ್ದಕ್ಕೆ ನನ್ನನ್ನೇ ಕುರಿ ಮಾಡಿದ್ರು," ಅಂದಳು ಸೋನುನ್. "ಸಂತೆಯಲ್ಲಿ ನೋಡಿದ ಹಾಗೆ ಹಲ್ಲು ನೋಡ್ತಾರೆ."

"ಸುಮ್ನಿರೇ, ಸಂತೆಯಲ್ಲಾದ್ರೆ ನಿನ್ನನ್ನ ಯಾರೂ ಕೊಳ್ತಿರಲಿಲ್ಲ. ಮೈಮೇಲೆ ಮಾಂಸ ಎಲ್ಲಿದೆ?" ಅಂದೆ ನಾನು. ಜೂರಾಕಾನಳೂ ನಕ್ಕಳು.

ಅಷ್ಟರಲ್ಲಿ ನರ್ಸ್ ಬಾಗಿಲಿಂದ ಇಣುಕಿ, "ಬರ್ಮೆತ್!" ಎಂದು ಕೂಗಿದಳು. ಸೋನುನ್ ಎದ್ದಳು. ಜೂರಾಕಾನಳ ಮುಖ ಮಾತ್ರ ಅವಳತ್ತ ತಿರುಗಲಿಲ್ಲ. ಮಗಳ ಹೆಗಲಾಚೆ, ಖಾಲಿ ಓಣಿಯ ಕೊನೆಗೆ ಅವಳ ಕಣ್ಣು ಹೋಯಿತು. ಯಾರೋ ಬರುವುದಿದೆ, ತಡವಾಗಿದೆ ಅನ್ನುವಂಥ ನೋಟ.

ಒಳಗೆ ಹೋಗುವ ಮೊದಲು ಸೋನುನ್ ನನ್ನ ಕಿವಿಯ ಬಳಿ ಮೆಲ್ಲಗೆ ಹೇಳಿದಳು: "ಯಾವಾಗಲೂ ಹೀಗೇ ಚಿಕ್ಕಮ್ಮ. ಆ ಹೆಸರು ಕೂಗಿದ್ರೆ ಅಮ್ಮ ನನ್ನ ಬೆನ್ನ ಹಿಂದೆ ನೋಡ್ತಾಳೆ. ಶಾಲೆಯಲ್ಲಿ ಹಾಜರಿ ಕೂಗಿದಾಗ ನಾನೂ ಒಂದು ಗಳಿಗೆ ಸುಮ್ಮನಿರ್ತೀನಿ."

"ಯಾಕೆ?"

"ಅವಳೇನಾದ್ರೂ ಓಗೊಟ್ರೆ ಅಂತ."

ಫೋಟೋದವನು ಕೂದಲು ಹಿಂದಕ್ಕೆ ಕಟ್ಟಿಸಿ, ನಗಬೇಡ ಎಂದು ಗದರಿಸಿ, ಚಿಕ್ಕ ಚಿಕ್ಕ ಫೋಟೋ ಕತ್ತರಿಸಿ ಕೊಟ್ಟ. ಮನೆಯಲ್ಲಿ ಜೂರಾಕಾನ್ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ಕೂತಳು. ಚಹಾ ಆರಿಹೋಯಿತು.

"ಹದಿನೆಂಟಕ್ಕೆ ಹೀಗೇ ಇರ್ತಿದ್ಲು," ಅಂದಳು.

ಸೋನುನಳಿಗೆ ಆಗ ಹದಿನಾರು.

ಹುಡುಗಿ ಬ್ರೆಡ್ಡು ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಅಮ್ಮ, ನಾನು ಈ ಹೆಸರಲ್ಲಿ ಅರ್ಜಿ ಹಾಕಲ್ಲ."

"ಏನಂದೆ?"

"ಊರಲ್ಲಾದ್ರೆ ನೀವೆಲ್ಲ ಸೋನುನ್ ಅಂತೀರಿ. ಅಲ್ಲಿ ಯಾರಂತಾರೆ? ಹಾಸ್ಟೆಲಲ್ಲಿ, ಕ್ಲಾಸಲ್ಲಿ, ಎಲ್ಲ ಕಡೆ ಅವಳೇ ಆಗಿಬಿಡ್ತಾಳೆ. ಘಟ್ಟ ಇಳಿದ್ರೆ ನಾನು ಇಲ್ಲವೇ ಇಲ್ಲ."

"ಅವಳು ನಿನಗೆ ಏನು ಮಾಡಿದ್ಲೇ?" ಜೂರಾಕಾನ್ ಫೋಟೋ ಕೆಳಗಿಟ್ಟಳು. "ಇರೋದು ಆ ಒಂದು ಕಾಗದದಲ್ಲಿ. ಅಲ್ಲಿಂದಲೂ ಓಡಿಸ್ತೀಯಾ?"

ಶಾಲೆಯವರು ಮೇ ಕೊನೆಗೆ ಪ್ರಮಾಣಪತ್ರ ಬರೆದರೆ ಆಮೇಲೆ ಹೆಸರು ತಿದ್ದುವುದು ಕಷ್ಟವೆಂದು ನನಗೆ ಗೊತ್ತಿತ್ತು. ಮರುದಿನ ನಾನೇ ಇಬ್ಬರನ್ನೂ ನೋಂದಣಿ ಕಚೇರಿಗೆ ಕರೆದೊಯ್ದೆ.

ಕಿಟಕಿಯ ಹಿಂದಿನ ಹೆಂಗಸು ಎಲ್ಲ ಕೇಳಿಸಿಕೊಂಡಳು. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. "ನಿಮ್ಮಂಥೋರು ವರ್ಷಕ್ಕೊಬ್ಬರಾದ್ರೂ ಬರ್ತಾರೆ," ಅಂದಳು. "ಈ ಹುಡುಗಿ ಹುಟ್ಟಿದ್ದಕ್ಕೆ ಆಸ್ಪತ್ರೆಯಲ್ಲಿ ದಾಖಲೆ ಇರುತ್ತೆ, ಅದು ಸುಲಭ. ಮೊದಲು ದೊಡ್ಡವಳ ಸಾವು ಬರೀಬೇಕು. ಕೋರ್ಟಿಗೂ ಹೋಗಬೇಕಾಗುತ್ತೆ. ತಾಯಿ ಯಾರು? ಹೇಳಿ, ಮಗು ಯಾವಾಗ ತೀರಿಕೊಂಡಿತು?"

ಜೂರಾಕಾನ್ ಕಿಟಕಿಯ ಕಟ್ಟೆ ಹಿಡಿದು ನಿಂತಳು. "ಸತ್ತಿದ್ದನ್ನ ನಾನು ನೋಡಿಲ್ಲ."

"ಯಾರು ನೋಡಿದ್ರು ಮತ್ತೆ?"

"ನಾನು ನೋಡಿಲ್ಲ," ಎಂದಷ್ಟೇ ಹೇಳಿ ಹೊರಗೆ ಹೋದಳು. ಮೆಟ್ಟಿಲ ಮೇಲೆ ಕೆಸರಿನಲ್ಲೇ ಕೂತುಬಿಟ್ಟಳು.

ಅವಳು ಹೇಳಿದ್ದು ಸುಳ್ಳಲ್ಲ. ಮುಖ ನೋಡಿಲ್ಲ, ಮಣ್ಣು ಕೊಡುವುದು ಗಂಡಸರ ಕೆಲಸ, ಗೋರಿ ಯಾವುದೆಂದೂ ಅವಳಿಗೆ ಯಾರೂ ತೋರಿಸಿರಲಿಲ್ಲ. ಗಂಡ ಆ ದಿನದ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ಇವಳೂ ಕೇಳಿರಲಿಲ್ಲ. ಬಂದಾಗ ಮನೆಯಲ್ಲಿ ಮಗು ಇರಲಿಲ್ಲ, ಅಷ್ಟೇ ಅವಳು ಕಂಡದ್ದು.

ನಾನು ಭಾವನಿಗೆ ಫೋನ್ ಮಾಡಿದೆ. "ಮರಿಗಳನ್ನ ಯಾರ ಕೈಗಾದ್ರೂ ಕೊಟ್ಟು ಬನ್ನಿ. ನಿಮ್ಮ ಹೆಂಡತಿಗೆ ನೀವು ಬಾಕಿ ಉಳಿಸಿರೋ ಮಾತಿದೆ."

ಅವರು ಬಂದಾಗ ಅಂಗಿಯಿಂದ ಕುರಿಯ ವಾಸನೆ, ಕಣ್ಣು ನಿದ್ದೆಗೆಟ್ಟು ಕೆಂಪಗೆ. ಅಡುಗೆಮನೆಯಲ್ಲಿ ಜೂರಾಕಾನಳ ಎದುರು ಕೂತರು. ನಾನು ಎದ್ದುಹೋಗಲು ನೋಡಿದೆ. ಅವಳು ನನ್ನ ತೋಳು ಹಿಡಿದುಕೊಂಡಳು. ಸೋನುನ್ ಬಾಗಿಲಲ್ಲಿ ನಿಂತಿದ್ದಳು.

"ಅವಳಿಗೆ ಏನು ತೊಡಿಸಿದ್ರಿ?" ಜೂರಾಕಾನ್ ಕೇಳಿದಳು.

"ಬಿಳೀ ಬಟ್ಟೆ ಸುತ್ತಿದೆವು. ಕಾಲುಚೀಲ ಮಾತ್ರ... ಅಮ್ಮ ಬೇಡ ಅಂದ್ಲು. ನಾನು ತೆಗೆಯಲಿಲ್ಲ. ನೀನು ಹೆಣೆದ ಕೆಂಪು ಕಾಲುಚೀಲ."

"ನೆಲ ಹೆಪ್ಪುಗಟ್ಟಿತ್ತಲ್ಲ?"

"ಬೆಂಕಿ ಹಾಕಿ ಮಣ್ಣು ಮೆತ್ತಗೆ ಮಾಡಿದೆವು. ಬೆಳಗಿಂದ ಸಂಜೆವರೆಗೂ ಅಗೆದ್ವಿ."

ಜೂರಾಕಾನ್ ತಗ್ಗಿದ ದನಿಯಲ್ಲಿ ಕೇಳಿದಳು: "ನನ್ನನ್ನ ಕೇಳಿದ್ಲಾ?"

ಭಾವ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಕೇಳಿದ್ಲು. ಬಾಗಿಲ ಕಡೆ ಕೈ ತೋರಿಸಿ ತೋರಿಸಿ ಕೇಳಿದ್ಲು. ಬರ್ತಾಳೆ ಪುಟ್ಟಿ, ಈಗ ಬರ್ತಾಳೆ ಅಂದೆ. ಅದನ್ನ ನಂಬ್ಕೊಂಡೇ ಕಣ್ಣು ಮುಚ್ಚಿದ್ಲು."

ಜೂರಾಕಾನಳ ಬಾಯಿಂದ ಹೊರಟ ಆ ಸ್ವರ, ಸತ್ತ ಮನೆಯಲ್ಲಿ ಹೆಂಗಸರು ತೆಗೆಯುವ ದೀರ್ಘ ಅಳು, ಗೋಡೆಯಾಚೆಯ ನೆರೆಯವರನ್ನೂ ಓಡಿಸಿ ತಂದಿತು. ಯಾರು ಹೋದರು ಎಂದು ಕೇಳಿದರು. "ಇವರ ದೊಡ್ಡ ಮಗಳು," ಅಂದೆ. ನಮ್ಮ ರೂಢಿಯಂತೆ ಅವರೂ ಕೂತು ಅತ್ತರು. ಸೋನುನ್ ಬಂದು ತಾಯಿಯ ಬೆನ್ನಿಗೆ ಒರಗಿದಳು. ತಾನೂ ಅತ್ತಳು.

ಆಮೇಲೆ ಜೂರಾಕಾನ್ ಸಾವು ಬರೆಸುವ ಕಾಗದಕ್ಕೆ ಸಹಿ ಹಾಕಿದಳು. ಕಾಗದಗಳು ಕಚೇರಿಯಿಂದ ಕೋರ್ಟಿಗೆ, ಕೋರ್ಟಿನಿಂದ ಕಚೇರಿಗೆ ತಿರುಗಿ, ಶಾಲೆಯವರು ಪ್ರಮಾಣಪತ್ರ ಬರೆಯುವ ಹೊತ್ತಿಗೆ ಸರಿಯಾಗಿ ಕೈಸೇರಿದವು. ಅರ್ಜಿಯಲ್ಲಿ ಸೋನುನ್ ಎಂದು ಅವಳೇ ತುಂಬಿಸಿದಳು. ಸೀಟು ಸಿಕ್ಕಿತು. ಹೊರಡುವ ದಿನ ಕಾರಿನಲ್ಲಿ ಕೂತವಳು ಕಿಟಕಿಯಿಂದ ನನ್ನ ಕೈ ಹಿಡಿದು, "ಚಿಕ್ಕಮ್ಮ, ಒಂಟಿ ಅನ್ನಿಸ್ತಿದೆ," ಅಂದಳು. "ಹಾಸ್ಟೆಲಲ್ಲಿ ಜೊತೆಗಾರರು ಸಿಕ್ತಾರೆ ಬಿಡು," ಅಂದೆ. ಅವಳು ಹೇಳಿದ್ದು ಆ ಒಂಟಿತನವಲ್ಲ, ಅಕ್ಕನ ಹೆಸರು ಕಳಚಿಟ್ಟ ಒಂಟಿತನ ಎಂದು ಕಾರು ಹೋದ ಮೇಲೆ ಹೊಳೆಯಿತು.

ಹುಲ್ಲು ಹಳದಿಯಾಗುವ ಕಾಲಕ್ಕೆ ನಾನು ಜೂರಾಕಾನಳ ಊರಿಗೆ ಹೋದೆ. ಗೋರಿಗಳ ಗುಡ್ಡಕ್ಕೆ ಕರೆದುಕೊಂಡು ಹೋಗಿ ಎಂದು ಜೂರಾಕಾನ್ ಗಂಡನನ್ನು ಕೇಳಿದಳು. ಮೂವರೂ ಹತ್ತಿದೆವು. ಅಲ್ಲಿ ಮಕ್ಕಳ ಗೋರಿಗಳು ಒಂದು ಪಕ್ಕಕ್ಕಿವೆ. ಕಲ್ಲಿಲ್ಲ, ಹೆಸರಿಲ್ಲ, ಅಷ್ಟು ಚಳಿಗಾಲಗಳ ಹಿಮ ತಗ್ಗಿಸಿದ ಸಣ್ಣ ಸಣ್ಣ ದಿಬ್ಬಗಳು. ಭಾವ ಒಂದರ ಬಳಿ ನಿಂತರು, ಇನ್ನೊಂದರತ್ತ ನಡೆದರು, ಮತ್ತೆ ಹಿಂದಕ್ಕೆ ಬಂದರು.

"ಇದೇ," ಅಂದರು.

ಅವರ ಕಣ್ಣು ತಡವರಿಸಿದ್ದನ್ನು ನಾನು ಕಂಡೆ. ಜೂರಾಕಾನಳೂ ಕಂಡಳು. ಆದರೂ ಅವರು ತೋರಿಸಿದ ದಿಬ್ಬದ ಪಕ್ಕ ಕೂತು, ಒಣಹುಲ್ಲನ್ನು ಕೈಯಿಂದ ಸವರಿ, "ಬಂದೆ ಪುಟ್ಟಿ," ಅಂದಳು. ಗಾಳಿ ಜೋರಾಗಿತ್ತು. ಕತ್ತಲಾಗುವ ಮೊದಲು ಇಳಿಯಬೇಕೆಂದು ಭಾವ ಎರಡು ಸಲ ಹೇಳಿದರು. ಅವಳು ಏಳಲಿಲ್ಲ.