ಕೆಂಪು ಚೀಟಿ ಬಿಚ್ಚಿದ್ದು ಯಾರು?

ವಿಮಾನ ರಿಪೇರಿ ಮಾಡುವವರಿಗೆ ಈಗ ಎಷ್ಟು ಬರ ಬಂದಿದೆಯೆಂದರೆ, ಕೆಲಸ ಕೊಡುವವರೇ ಮನೆ ಬಾಗಿಲಿಗೆ ಬರುತ್ತಾರೆ. ನನ್ನ ಸೊಸೆ ಆ ಕಸುಬಿನವಳು. ಲೈಸೆನ್ಸ್ ಇದೆ, ಹನ್ನೊಂದು ವರ್ಷದ ಅನುಭವವಿದೆ. ಕೆಲಸ ಮಾತ್ರ ದೂರದ ಊರಿನಲ್ಲಿ. ಮನೆಗೆ ಬರುವುದು ಹದಿನೈದು ದಿನಕ್ಕೊಮ್ಮೆ. ಉಳಿದ ದಿನವೆಲ್ಲ ನನ್ನ ಮಗ ಮುಖ ಜೋಲು ಹಾಕಿಕೊಂಡು ಕೂತಿರುತ್ತಾನೆ. ಹಾಗಾಗಿ ನಮ್ಮೂರಿನ ಹೊಸ ಹ್ಯಾಂಗರಿನ, ಅಂದರೆ ವಿಮಾನ ರಿಪೇರಿ ಶೆಡ್ಡಿನ, ಮ್ಯಾನೇಜರು ಖುದ್ದು ಬಂದು ಅವಳನ್ನು ಮಾತಾಡಿಸುತ್ತೇನೆ ಎಂದಾಗ ಮನೆಯವರೆಲ್ಲ ಉಸಿರು ಬಿಗಿಹಿಡಿದೆವು. ಇದೊಂದು ಸಿಕ್ಕರೆ ಅವಳು ಮನೆಯಿಂದಲೇ ಕೆಲಸಕ್ಕೆ ಹೋಗಬಹುದು.

ಸೊಸೆಗೆ ಒಂದು ಚಾಳಿ. ಕೆಟ್ಟ ವಸ್ತು ಕಂಡರೆ ಸಾಕು, ‘ಬಳಸಬಾರದು’ ಎಂದು ಬರೆದ ಕೆಂಪು ಚೀಟಿ ಕಟ್ಟುತ್ತಾಳೆ. ವಿಮಾನಕ್ಕೂ ಹಾಗೇ ಮಾಡುತ್ತಾರಂತೆ; ಕಟ್ಟಿದವರ ಹೊರತು ಬೇರೆ ಯಾರೂ ಬಿಚ್ಚುವ ಹಾಗಿಲ್ಲವಂತೆ. ನಮ್ಮಲ್ಲಿ ಇಸ್ತ್ರಿ ಪೆಟ್ಟಿಗೆ, ಬಚ್ಚಲಿನ ನಲ್ಲಿ, ಕಾಲು ಸಡಿಲವಾದ ಕುರ್ಚಿ, ಎಲ್ಲಕ್ಕೂ ಕಟ್ಟಿದ್ದಳು. ಒಂದು ಸಲ ಗೊರಕೆ ಹೊಡೆಯುತ್ತಿದ್ದ ನಮ್ಮ ಯಜಮಾನರ ಅಂಗಿಯ ಗುಂಡಿಗೂ!

ಬಂದವರು ಈ ಮನೆಯೇ ಕೆಟ್ಟು ಕೂತಿದೆ ಅಂದುಕೊಂಡಾರು ಎಂದು ನನಗೆ ನಾಚಿಕೆ. ಆ ದಿನ ಸೊಸೆ ಇನ್ನೂ ದಾರಿಯಲ್ಲಿರುವಾಗಲೇ ಅಷ್ಟೂ ಚೀಟಿಗಳನ್ನು ಬಿಚ್ಚಿ ದಿಂಬಿನ ಕೆಳಗೆ ತುರುಕಿದೆ.

ಸೊಸೆ ಬಂದು ಚೀಲ ಇಳಿಸುವಷ್ಟರಲ್ಲಿ ಮ್ಯಾನೇಜರೂ ಬಂದರು. ದಷ್ಟಪುಷ್ಟ ಆಳು. ಐದು ಕುರ್ಚಿಗಳಿದ್ದರೂ ನೆಟ್ಟಗೆ ಹೋಗಿ ಆ ಕಾಲು ಸಡಿಲವಾದದ್ದರ ಮೇಲೇ ಕೂತರು. ಕುರ್ಚಿಯ ಕಾಲು ಒಂದು ಕಡೆ, ಅವರು ಇನ್ನೊಂದು ಕಡೆ.

ಯಾರಾದರೂ ಎಬ್ಬಿಸಬೇಕಲ್ಲ? ಸೊಸೆ ಎಬ್ಬಿಸಲಿಲ್ಲ.

“ಪೆಟ್ಟಾಯ್ತಾ ಸಾರ್? ಇಲ್ವಾ? ಹಾಗಾದ್ರೆ ಅಲ್ಲೇ ಇರಿ, ಏನೂ ಮುಟ್ಟಬೇಡಿ,” ಎಂದು ಪುಸ್ತಕ, ಪೆನ್ನು ತಂದಳು. “ಇದಕ್ಕೊಂದು ಕೆಂಪು ಚೀಟಿ ಇತ್ತು. ಬಿಚ್ಚಿದ್ದು ಯಾರು?”

“ಅಯ್ಯೋ ತಾಯಿ, ಮೊದ್ಲು ಅವರನ್ನ ಎಬ್ಬಿಸಮ್ಮ!” ಎಂದರು ಯಜಮಾನರು.

“ಬಿಚ್ಚಿದ್ದು ಯಾರು ಮಾವ?”

“ಗಾಳಿಗೆ ಹಾರಿರ್ಬೇಕು, ಬಿಡೇ,” ಎಂದ ಮಗ, ನನ್ನ ಕಡೆ ನೋಡದೆ.

“ಎರಡು ಗಂಟು ಹಾಕಿದ್ದೆ ರೀ. ಗಾಳಿಗೇನು ಬೆರಳಿದೆಯಾ?”

ಸುಮ್ಮನಿದ್ದರೂ ಕೆಲಸ ಹೋಗುತ್ತದೆ, ಬಾಯಿಬಿಟ್ಟರೂ ಹೋಗುತ್ತದೆ. ಹೋಗುವುದೇ ಆದರೆ ನಿಜ ಹೇಳಿಯೇ ಹೋಗಲಿ ಅನ್ನಿಸಿತು.

“ನಾನೇ ಕಣಮ್ಮ. ಇಸ್ತ್ರಿ ಪೆಟ್ಟಿಗೇದು, ನಲ್ಲೀದು, ಎಲ್ಲಾ ಬಿಚ್ಚಿದೆ.”

“ಎಷ್ಟು ಗಂಟೆಗೆ ಅತ್ತೆ?”

“ಏಳೂವರೆ.”

ಬರೆದುಕೊಂಡಳು. ಒಂದು ಮಾತೂ ಬೈಯಲಿಲ್ಲ.

ಆಗ ನೆಲದಿಂದ ಮ್ಯಾನೇಜರ ದನಿ ಬಂತು. “ಅಲ್ಲಮ್ಮಾ, ನಮ್ಮ ಹ್ಯಾಂಗರಿನಲ್ಲಿ ಯಾರೋ ವಿಮಾನದ ರೆಕ್ಕೆಯೊಳಗೆ ಟಾರ್ಚ್ ಮರೆತುಬಿಟ್ಟು ಒಂದು ತಿಂಗಳಾಯ್ತು. ಯಾರು ಅಂತ ಇನ್ನೂ ಹುಡುಕ್ತಿದ್ದೀನಿ. ಗಟ್ಟಿಯಾಗಿ ಕೇಳೋರೂ ಇಲ್ಲ, ಒಪ್ಕೊಳ್ಳೋರೂ ಇಲ್ಲ. ಇಲ್ಲಿ ಎರಡು ನಿಮಿಷದಲ್ಲಿ ಮುಗೀತು! ಸೋಮವಾರದಿಂದ ಬರ್ತೀರಾ?”

“ಕೆಲಸದ ಕರಾರಿನ ಕಾಗದ ಕೊಡಿ, ಓದ್ತೀನಿ.”

ಹಿಂಬದಿಯ ಸಣ್ಣಕ್ಷರವನ್ನೂ ಬಿಡದೆ ಮುಕ್ಕಾಲು ಗಂಟೆ ಓದಿದಳು. ಅಷ್ಟರಲ್ಲಿ ಮಗನ ಹತ್ತೂ ಉಗುರು ಮುಗಿದಿದ್ದವು. ಕೊನೆಗೆ ಎರಡು ತಪ್ಪು ತಿದ್ದಿಸಿ ಸಹಿ ಹಾಕಿದಳು. ಮಗ ಖುಷಿಯಲ್ಲಿ ಎದ್ದವನು ಬಾಗಿಲಿಗೆ ಢಿಕ್ಕಿ ಹೊಡೆದ.

ಹೊರಡುವಾಗ ಮ್ಯಾನೇಜರು ಸೊಂಟ ನೀವಿಕೊಳ್ಳುತ್ತ ನನ್ನನ್ನೇ ದಿಟ್ಟಿಸಿದರು.

“ತಪ್ಪು ತಿಳೀಬೇಡಿ ತಾಯಿ, ಜನಾನೇ ಸಿಗ್ತಿಲ್ಲ... ನಿಮಗೆ ವಯಸ್ಸೆಷ್ಟು?”

“ಎಪ್ಪತ್ತಮೂರು.”

ಅವರು ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿದರು.

“ರಾತ್ರಿ ಪಾಳಿ ಆಗುತ್ತಾ?”